ಕಾಣಸಿಗದ ಮೊದಲ ಚಿತ್ರ

ಬರಲಿರುವ ಚಿತ್ರದ ಸುದ್ದಿಗೆ ಕಿವಿ ನಿಮಿರುವುದು ಚಿತ್ರರಸಿಕರ ಹುಟ್ಟುಗುಣ. ನಾನೂ ಅದಕ್ಕೆ ಹೊರತಲ್ಲ. 2022ರಲ್ಲಿ ‘ಕಾಂತಾರ’ ಹಲವು ನುಡಿಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಸಂತೋಷವೇ. ಆದರೆ ಇಷ್ಟು ದೂರ ನಡೆದುಬಂದ ಕನ್ನಡ ವಾಕ್ಚಿತ್ರದ ಮೊದಲ ಹೆಜ್ಜೆಯನ್ನು ನೋಡೋಣವೆಂದರೆ ಅದು ಎಲ್ಲಿಯೂ ಸಿಗದು.

‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ನಡೆದದ್ದು ದೂರದ ಕೊಲ್ಲಾಪುರದಲ್ಲಿ, ನಿರ್ದೇಶಕರು ವೈ. ವಿ. ರಾವ್. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ನಾಯ್ಡು, ರಾಯರಿಬ್ಬರೂ ರಂಗಭೂಮಿಯಲ್ಲಿ ಪಳಗಿದವರು.

ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ಕ್ಕೂ ಇದೇ ಗತಿ. ಅಂದಿನ ನೈಟ್ರೇಟ್ ಫಿಲಂ ಕಿಡಿ ತಗುಲಿದರೆ ಭುಗಿಲೇಳುವ, ಇಟ್ಟಲ್ಲೇ ಕೊಳೆಯುವ ಸರಕು. ಓಟ ಮುಗಿದ ಸುರುಳಿಗಳನ್ನು ಕರಗಿಸಿ ಬೆಳ್ಳಿ ತೆಗೆದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ; ಅಷ್ಟರೊಳಗೆ ಕಳೆದದ್ದು ಕಳೆದಿತ್ತು. ಯಾರನ್ನು ಬಯ್ಯೋಣ? ಬರುವ ಶುಕ್ರವಾರದ ಮೇಲೆಯೇ ಕಣ್ಣಿಟ್ಟ ನಾವೂ ಅದನ್ನು ಕೇಳಲಿಲ್ಲವಲ್ಲ!

ಕಥೆ ಹೋದರೆ ಹೋಗಲಿ, ಅದು ರಾಮಾಯಣದಲ್ಲಿದೆ. ನನ್ನ ಕೊರಗು ಆ ದನಿಗಳದ್ದು. ನಾಟಕಶಾಲೆಯ ಕಟ್ಟಕಡೆಯ ಸಾಲಿಗೂ ಮುಟ್ಟುವಂತೆ ಪಳಗಿದ ಕಂಠ ಮೊದಲ ಸಲ ಮೈಕಿನ ಮುಂದೆ ತಗ್ಗಿತೋ, ತಗ್ಗದೆ ಗುಡುಗಿತೋ, ಕೇಳಿ ತಿಳಿಯುವ ದಾರಿಯಿಲ್ಲ.