ರಾಗಿರೊಟ್ಟಿಯೂ ನನ್ನದೊಂದು ತಪ್ಪು ಮಾತೂ



1980ರ ದಶಕದ ಕೊನೆಯ ಮಾತು. ಆಗ ನಾನು ತುಮಕೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಬೋಧಿಸುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳೆಲ್ಲ ಜಗುಲಿಯಲ್ಲಿ ಕುಳಿತು ಬುತ್ತಿ ಬಿಚ್ಚಿದರೆ, ಒಬ್ಬ ಹುಡುಗ ಮಾತ್ರ ಹುಣಸೆಮರದ ಮರೆಗೆ ಹೋಗುತ್ತಿದ್ದ. ಒಂದು ದಿನ ಹೋಗಿ ನೋಡಿದೆ. ಬಟ್ಟೆಯಲ್ಲಿ ಸುತ್ತಿದ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. "ನಮ್ಮನೇಲಿ ಅನ್ನ ಹಬ್ಬಕ್ಕೆ ಮಾತ್ರ ಸಾರ್" ಎಂದು ತಲೆ ತಗ್ಗಿಸಿದ. "ಚೆನ್ನಾಗಿ ಓದಪ್ಪ, ದಿನಾ ಅನ್ನ ಉಣ್ಣೋ ಕಾಲ ಬರುತ್ತೆ" ಎಂದು ಬೆನ್ನು ತಟ್ಟಿದೆ. ಅದನ್ನು ಆಶೀರ್ವಾದವೆಂದೇ ಭಾವಿಸಿದ್ದೆ.

ಅನ್ನ ಉಳ್ಳವರದು, ರಾಗಿ ಇಲ್ಲದವರದು ಎಂಬ ಭೇದ ನಮ್ಮಲ್ಲಿ ಹೊಸದಲ್ಲ. 16ನೆಯ ಶತಮಾನದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಶ್ರೀರಾಮನ ಮುಂದೆ ನಿಲ್ಲಿಸಿದರು. ಆರು ತಿಂಗಳ ಸೆರೆವಾಸದ ಬಳಿಕ ಭತ್ತ ಕೆಟ್ಟಿತ್ತು, ರಾಗಿ ಗಟ್ಟಿಯಾಗಿಯೇ ಉಳಿದಿತ್ತು. ಇದು ಬರಿಯ ಕಲ್ಪನೆಯಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದಿರುವುದನ್ನು ನಮ್ಮ ಹಿರಿಯರು ಕಂಡವರೇ.

ಬಡವರಿಗೆ ಆ ಹಗೇವೇ ಜೀವದ ಆಧಾರ. ಅದು ಬರಿದಾದರೆ ಏನಾಗುವುದೆಂಬುದಕ್ಕೆ 1876–78ರ ಕ್ಷಾಮ ಸಾಕ್ಷಿ. ರೈಲಿನಲ್ಲಿ ಧಾನ್ಯ ಬಂದರೂ ಆ ಬೆಲೆಗೆ ಕೊಳ್ಳುವ ಶಕ್ತಿ ಕೂಲಿಯವರಿಗಿರಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದದ್ದು 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಸ್ವಾತಂತ್ರ್ಯಾನಂತರ ಹಸಿವನ್ನು ನೀಗುವ ಪ್ರಯತ್ನ ಪ್ರಾಮಾಣಿಕವಾಗಿಯೇ ನಡೆಯಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಹಸಿರು ಕ್ರಾಂತಿ ಬಂದಿತು. ಆದರೆ ನೀರು, ಗೊಬ್ಬರ, ಬೆಂಬಲ ಬೆಲೆಯ ಖರೀದಿ ಇವುಗಳ ಸಿಂಹಪಾಲು ಗೋಧಿಗೂ ಭತ್ತಕ್ಕೂ ಸಂದಿತು. ಮಂಡ್ಯದಲ್ಲಿ ಕುಳಿತು, ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರಂಥವರು ವಿರಳ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಅಗ್ಗವಾಯಿತು. ಬೀಸುವ ಶ್ರಮವೂ ಇಲ್ಲ, ಮರ್ಯಾದೆಯೂ ಹೆಚ್ಚು. ಬಡವರು ಅಕ್ಕಿಗೆ ಒಲಿದುದರಲ್ಲಿ ಆಶ್ಚರ್ಯವೇನು? 2013ರ ಅನ್ನಭಾಗ್ಯ ಎಷ್ಟೋ ಮನೆಗಳ ಒಲೆ ಆರದಂತೆ ಕಾಯಿತು. ಅದನ್ನು ಹಳಿಯುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ.

ಆದರೆ ಹೊಟ್ಟೆ ತುಂಬುವುದು ಬೇರೆ, ಮೈ ಬಲಿಯುವುದು ಬೇರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದು. ರಾಗಿಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದವು. ಬದುವಿನಲ್ಲಿ ಬೆರಕೆಸೊಪ್ಪು ಸಿಗುತ್ತಿತ್ತು. ರಾಗಿ ಬಿತ್ತುವುದು ನಿಂತ ಹೊಲದಲ್ಲಿ ಇವೂ ಇಲ್ಲವಾದವು. ಧಾನ್ಯವನ್ನು ಪಡಿತರ ಚೀಟಿ ತುಂಬಿಕೊಟ್ಟಿತು. ಕಾಳು, ಸೊಪ್ಪುಗಳನ್ನು ಸಂತೆಯಲ್ಲಿ ದುಡ್ಡು ಕೊಟ್ಟೇ ತರಬೇಕಾಯಿತು.

ಅತ್ತ ಉಳ್ಳವರಿಗೆ ರಾಗಿಯ ಮಹಿಮೆ ತಿಳಿಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಇಂದು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಸೇವಿಗೆ ಅಂದದ ಪೊಟ್ಟಣಗಳಲ್ಲಿ ಕುಳಿತಿವೆ. ಬೆಳೆದವನ ಮಗುವಿಗೆ ಆ ಬೆಲೆ ಎಟುಕದು. 2024ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆ ಆರಂಭವಾದ ಸುದ್ದಿ ಓದಿ ಸಂತೋಷಪಟ್ಟೆ. ಜೊತೆಗೆ ಸಂಕಟವೂ ಆಯಿತು. ಮನೆಯಲ್ಲೇ ಇದ್ದುದನ್ನು ನಾಚಿಕೆಯಿಂದ ಬಿಡಿಸಿ, ಈಗ ಔಷಧದಂತೆ ಕುಡಿಸುತ್ತಿದ್ದೇವಲ್ಲ!

ಬಡವರ ತಟ್ಟೆಯಿಂದ ಒಳ್ಳೆಯ ಆಹಾರವನ್ನು ಬಡತನವೊಂದೇ ಕಸಿಯಲಿಲ್ಲ. ನಮ್ಮಂಥವರ ಅವಜ್ಞೆಯೂ ಕಸಿಯಿತು. ರಾಮಧಾನ್ಯದ ಕಥೆ ಬಲ್ಲ ನಾನೇ ಆ ಹುಡುಗನ ನಾಚಿಕೆಗೆ ಮುದ್ರೆ ಒತ್ತಿದೆ. "ನಾಚಬೇಡವೋ, ಎಲ್ಲರ ನಡುವೆ ಕೂತು ಉಣ್ಣು, ನನಗೂ ಒಂದು ತುಂಡು ಕೊಡು" ಎನ್ನಬೇಕಿತ್ತು.

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಈ ಮುದಿ ಮೇಷ್ಟರನ್ನು ಕ್ಷಮಿಸು. ನಿನ್ನ ಮಕ್ಕಳಿಗೆ ಆ ರೊಟ್ಟಿಯ ಕಥೆಯನ್ನು ತಲೆಯೆತ್ತಿ ಹೇಳು.