ಯಂತ್ರದ ಮುಂದಿನ ಸರದಿ

1950ರ ದಶಕದ ಉತ್ತರಾರ್ಧ. ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಹ್ಯಾನೋವರ್ ಎಂಬ ಚಿಕ್ಕ ಊರು. ಅಲ್ಲಿನ ಡಾರ್ಟ್‌ಮತ್ ಕಾಲೇಜಿನ ಗಣಿತದ ಅಧ್ಯಾಪಕ ಥಾಮಸ್ ಕರ್ಟ್ಸ್ ಹದಿನೈದು ದಿನಕ್ಕೊಮ್ಮೆ ರೈಲು ಹಿಡಿದು ಬಾಸ್ಟನ್ ಕಡೆಗೆ ಹೊರಡುತ್ತಿದ್ದರು. ಕೈಯಲ್ಲಿ ಒಂದು ಉಕ್ಕಿನ ಪೆಟ್ಟಿಗೆ. ಅದರ ತುಂಬ ಪಂಚ್ ಕಾರ್ಡುಗಳು. ಸಹೋದ್ಯೋಗಿಗಳ ಲೆಕ್ಕಗಳೂ ಅದರಲ್ಲಿರುತ್ತಿದ್ದವು. ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಎಂಐಟಿ ಎಂಬ ಪ್ರಸಿದ್ಧ ತಾಂತ್ರಿಕ ಸಂಸ್ಥೆ ಇದೆ. ಅಲ್ಲೊಂದು ಐಬಿಎಂ 704 ಗಣಕಯಂತ್ರವಿತ್ತು. ಸುತ್ತಲಿನ ಕಾಲೇಜುಗಳೂ ಅದನ್ನು ಬಳಸಬಹುದಾಗಿತ್ತು. ಕಾರ್ಡುಗಳನ್ನು ಕೊಟ್ಟು, ಕಾದು, ಉತ್ತರ ಅಚ್ಚಾದ ಹಾಳೆಗಳನ್ನು ಪಡೆದು ಮರಳಬೇಕು. ಎಲ್ಲೋ ಒಂದು ಅಲ್ಪವಿರಾಮ ತಪ್ಪಿ, ಅದನ್ನು ಅಂದೇ ತಿದ್ದಿಕೊಳ್ಳಲು ಆಗದಿದ್ದರೆ ಮತ್ತೆ ಹದಿನೈದು ದಿನ.

ಅಧ್ಯಾಪಕರ ಗತಿಯೇ ಹೀಗಾದರೆ ವಿದ್ಯಾರ್ಥಿಯ ಗತಿಯೇನು? ಈಗ ‘ವರ್ಚುಯಲ್ ಲ್ಯಾಬ್’ ಎಂದು ಕರೆಯಲಾಗುವ ಏರ್ಪಾಡಿನ ಚರಿತ್ರೆ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ದೂರದಲ್ಲೆಲ್ಲೋ ಇರುವ ಶಕ್ತಿಶಾಲಿ ಗಣಕವನ್ನು ತಂತಿಯ ಮೂಲಕ ತನ್ನ ಮೇಜಿನಿಂದಲೇ ನಡೆಸುವ ಈ ವ್ಯವಸ್ಥೆ ನಿನ್ನೆ ಮೊನ್ನೆಯದೆಂದು ಅನೇಕರು ತಿಳಿದಿದ್ದಾರೆ. ‘ಕ್ಲೌಡ್’ ಎಂಬ ಹೆಸರು ಹೊಸದು ನಿಜ. ಅದು ಮೋಡವೂ ಅಲ್ಲ, ಆಕಾಶದಲ್ಲಿಯೂ ಇಲ್ಲ. ಯಾವುದೋ ಊರಿನ ಕಟ್ಟಡವೊಂದರಲ್ಲಿ ಸಾಲಾಗಿ ಜೋಡಿಸಿಟ್ಟ ಗಣಕಗಳು ಅವು. ಆದರೆ ಆಲೋಚನೆಗೆ ಅರವತ್ತು ವರ್ಷ ಮೀರಿದೆ.

ಕರ್ಟ್ಸ್ ಅವರ ಜೊತೆಗಾರ ಜಾನ್ ಕೆಮೆನಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ 1926ರಲ್ಲಿ ಹುಟ್ಟಿದವರು. 1940ರಲ್ಲಿ ಕುಟುಂಬದೊಂದಿಗೆ ಅಮೆರಿಕಕ್ಕೆ ಬಂದರು. ಮುಂದೆ ಐನ್‌ಸ್ಟೈನರಿಗೆ ಗಣಿತದ ಸಹಾಯಕರಾಗಿದ್ದರು. ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಜ್ಞಾನೇತರ ವಿಷಯಗಳನ್ನು ಓದುವವರು. ಮುಂದೆ ವಕೀಲರೂ ವ್ಯಾಪಾರಿಗಳೂ ಆಡಳಿತಗಾರರೂ ಆಗುವವರು ಇವರೇ, ಗಣಕವನ್ನು ಇವರು ಮುಟ್ಟಿ ನೋಡದಿದ್ದರೆ ಹೇಗೆ ಎಂಬುದು ಕೆಮೆನಿ ಮತ್ತು ಕರ್ಟ್ಸ್ ಅವರ ಚಿಂತೆ. ಉಪನ್ಯಾಸ ಕೇಳಿ ಗಣಕ ಕಲಿಯುವುದು ದಡದಲ್ಲಿ ಕುಳಿತು ಈಜು ಕಲಿತಂತೆ.

ದಾರಿ ತೋರಿದವರು ಜಾನ್ ಮೆಕಾರ್ಥಿ. ಡಾರ್ಟ್‌ಮತ್ ಬಿಟ್ಟು ಎಂಐಟಿಗೆ ಹೋಗಿದ್ದ ಅವರು ‘ಟೈಮ್ ಷೇರಿಂಗ್’ ಅಂದರೆ ಕಾಲ ಹಂಚಿಕೆಯನ್ನು ಮಾಡಿನೋಡಿ ಎಂದು ಕರ್ಟ್ಸ್ ಅವರಿಗೆ ಸೂಚಿಸಿದರು. ಇದರ ಮರ್ಮ ಸರಳ. ಮನುಷ್ಯ ಒಂದು ಸಾಲು ಟೈಪು ಮಾಡಿ ಯೋಚಿಸುವಷ್ಟರಲ್ಲಿ ಯಂತ್ರ ಸಾವಿರಾರು ಲೆಕ್ಕ ಮಾಡಿ ಸುಮ್ಮನೆ ಕುಳಿತಿರುತ್ತದೆ. ಆ ಬಿಡುವಿನಲ್ಲಿ ಅದು ಇನ್ನೊಬ್ಬರ ಕೆಲಸ ಮಾಡಲಿ, ಆಮೇಲೆ ಮತ್ತೊಬ್ಬರದು. ಸರದಿ ಅಷ್ಟು ಬೇಗ ತಿರುಗುತ್ತಿದ್ದರೆ ಪ್ರತಿಯೊಬ್ಬರಿಗೂ ಯಂತ್ರ ತನ್ನದೊಬ್ಬನದೇ ಎನಿಸುತ್ತದೆ. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ 1961ರಲ್ಲಿಯೇ ಇದನ್ನು ಪ್ರದರ್ಶಿಸಿದ್ದರು. ಆದರೆ ಅದು ಸಂಶೋಧಕರ ಪಾಲಿಗೆ. ಡಾರ್ಟ್‌ಮತ್ತಿನವರು ಅದನ್ನು ಕಾಲೇಜಿನ ಹುಡುಗರ ಪಾಲಿಗೆ ತಂದರು.

ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಯಂತ್ರಗಳು ಬಂದವು. ಡೇಟಾನೆಟ್-30 ಎಂಬ ಚಿಕ್ಕದು ತಂತಿಗಳ ಮೇಲೆ ಬರುವ ಮಾತನ್ನು ಕೇಳಿಸಿಕೊಳ್ಳುತ್ತಿತ್ತು. ಜಿಇ-225 ಎಂಬುದು ಲೆಕ್ಕ ಮಾಡುತ್ತಿತ್ತು. ಇವೆರಡನ್ನೂ ಹೊಂದಿಸುವ ತಂತ್ರಾಂಶವನ್ನು ಬರೆದವರಲ್ಲಿ ಮೈಕೇಲ್ ಬುಷ್, ಜಾನ್ ಮೆಕ್‌ಗೀಚಿ ಮುಖ್ಯರು. ಇಬ್ಬರೂ ಇನ್ನೂ ಪದವಿ ಮುಗಿಸದ ವಿದ್ಯಾರ್ಥಿಗಳು! 1964ರ ಮೇ 1ರಂದು ನಸುಕಿನ ನಾಲ್ಕು ಗಂಟೆಗೆ ‘ಬೇಸಿಕ್’ ಎಂಬ ಹೊಸ ಭಾಷೆಯಲ್ಲಿ ಬರೆದ ಕ್ರಮವಿಧಿಗಳು ಬೇರೆ ಬೇರೆ ಟೆಲಿಟೈಪ್‌ಗಳಿಂದ ಏಕಕಾಲಕ್ಕೆ ನಡೆದು ಸರಿಯುತ್ತರ ಕೊಟ್ಟವು. ಆ ಬೇಸಿಕ್ ಭಾಷೆಯೇ ಮುಂದೆ 1980ರ ದಶಕದಲ್ಲಿ ನಮ್ಮ ಶಾಲೆಗಳ ಗಣಕಗಳಿಗೂ ಬಂತು.

ಅದಕ್ಕಿಂತ ದೊಡ್ಡದೆಂದು ನನಗೆ ತೋರುವುದು ಅವರ ನಿಯಮ. ಗ್ರಂಥಾಲಯದ ತೆರೆದ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವಾಗ ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಗಣಕವೂ ಹಾಗೆಯೇ ಇರಬೇಕು ಎಂದರು ಅವರು. ವಿದ್ಯಾರ್ಥಿ ಹಣ ಕೊಡಬೇಕಿಲ್ಲ, ಅನುಮತಿ ಬೇಡಬೇಕಿಲ್ಲ. ಕೆಲವೇ ವರ್ಷಗಳಲ್ಲಿ ದೂರವಾಣಿ ತಂತಿಯ ಮೂಲಕ ಹ್ಯಾನೋವರಿನ ಹೈಸ್ಕೂಲು, ಆಮೇಲೆ ಸುತ್ತಲಿನ ಇತರ ಶಾಲೆ ಕಾಲೇಜುಗಳು ಅದೇ ಯಂತ್ರಕ್ಕೆ ಜೋಡಣೆಗೊಂಡವು.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಏನಾಗುತ್ತಿತ್ತು? 1963ರ ಆಗಸ್ಟ್‌ನಲ್ಲಿ ಕಾನಪುರದ ಐಐಟಿಗೆ ಐಬಿಎಂ 1620 ಬಂತು. ಅಲ್ಲಿ ವಿದ್ಯಾರ್ಥಿಗಳು ತಾವೇ ಯಂತ್ರ ಮುಟ್ಟಿ ಕಲಿಯಬಹುದಿತ್ತು. ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಅಲ್ಲಿ ಅಲ್ಪಾವಧಿಯ ಶಿಬಿರಗಳು ನಡೆದವು. ಅಲ್ಲಿ ಪಾಠ ಹೇಳಿದ ವಿ. ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಪಠ್ಯಪುಸ್ತಕಗಳಿಂದ ಕಲಿತವರು ಅಸಂಖ್ಯ. ಆದರೆ ಅಂಥ ಕೇಂದ್ರಗಳು ಬೆರಳೆಣಿಕೆಯಷ್ಟು. ಉಳಿದವರು ಪುಸ್ತಕದಲ್ಲಿ ಫೋರ್ಟ್ರಾನ್ ಓದಿ, ಕಾಗದದ ಮೇಲೆ ಬರೆದು, ಅಧ್ಯಾಪಕರಿಂದ ಸರಿ ಹಾಕಿಸಿಕೊಂಡರು. ಡಾರ್ಟ್‌ಮತ್ ಮಾದರಿ ಇಲ್ಲಿಗೆ ಬರಲು ಬೇಕಾದದ್ದು ನಂಬಿಗಸ್ತ ದೂರವಾಣಿ ತಂತಿ, ಅದೇ ನಮ್ಮಲ್ಲಿ ಇರಲಿಲ್ಲ. ಗಣಕಗಳನ್ನು ಊರಿಂದೂರಿಗೆ ಜೋಡಿಸುವ ಅರ್ನೆಟ್ ಯೋಜನೆ ಆರಂಭವಾದದ್ದು 1986ರಲ್ಲಿ. ಅದರಲ್ಲಿ ಮೊದಲು ಸೇರಿದ್ದು ಐದು ಐಐಟಿಗಳು, ಬೆಂಗಳೂರಿನ ವಿಜ್ಞಾನ ಸಂಸ್ಥೆ, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಒಟ್ಟು ಎಂಟು.

ಅಷ್ಟರಲ್ಲಿ ಪರ್ಸನಲ್ ಕಂಪ್ಯೂಟರ್ ಬಂದು ಕಥೆಯ ದಿಕ್ಕನ್ನೇ ಬದಲಿಸಿತ್ತು. ಒಂದು ದೊಡ್ಡ ಯಂತ್ರವನ್ನು ಹಂಚಿಕೊಳ್ಳುವ ಬದಲು ಪ್ರತಿ ಕಾಲೇಜೂ ಒಂದು ಕೋಣೆ ತುಂಬ ಚಿಕ್ಕ ಯಂತ್ರಗಳನ್ನಿಟ್ಟಿತು. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ಆ ಕೋಣೆಗಳು ಅನೇಕರಿಗೆ ನೆನಪಿರಬಹುದು. ಸರದಿ ಮುಗಿಯಲಿಲ್ಲ. ಒಂದು ಯಂತ್ರಕ್ಕೆ ಮೂವರು. ಒಬ್ಬ ಟೈಪು ಮಾಡಿದರೆ ಇಬ್ಬರು ನೋಡಬೇಕು. ಇನ್ನೊಂದು ತೊಡಕೂ ಇತ್ತು. ಗಣಕದ ಕಾರ್ಯಾಚರಣಾ ವ್ಯವಸ್ಥೆಯನ್ನು, ಜಾಲವನ್ನು, ಜಾಲದ ಸುರಕ್ಷತೆಯನ್ನು ಕಲಿಯುವವನು ಅದನ್ನು ಬಿಚ್ಚಬೇಕು, ಬದಲಿಸಬೇಕು, ಕೆಲವೊಮ್ಮೆ ಕೆಡಿಸಲೂಬೇಕು. ಆದರೆ ಮರುದಿನ ಅದೇ ಯಂತ್ರದಲ್ಲಿ ಇನ್ನೊಂದು ತರಗತಿ ಕೂಡಬೇಕಲ್ಲ! ಹೀಗಾಗಿ ಪ್ರಯೋಗಾಲಯದ ಮೇಲ್ವಿಚಾರಕರು ಮುಖ್ಯ ಪಾಸ್‌ವರ್ಡನ್ನು ಯಾರಿಗೂ ಕೊಡುತ್ತಿರಲಿಲ್ಲ. ಅವರನ್ನು ದೂರುವಂತಿಲ್ಲ.

ಈ ಗಂಟನ್ನು ಬಿಡಿಸಿದ್ದೂ ಒಂದು ಹಳೆಯ ವಿದ್ಯೆಯೇ. ಒಂದು ಯಂತ್ರ ತಾನೇ ಹಲವು ಯಂತ್ರಗಳಂತೆ ನಟಿಸುವ ತಂತ್ರವನ್ನು ಐಬಿಎಂ ಕಂಪನಿಯವರು 1960ರ ದಶಕದಲ್ಲಿಯೇ ಸಾಧಿಸಿದ್ದರು. ಅದನ್ನು ಅಗ್ಗದ ಸಾಮಾನ್ಯ ಗಣಕಗಳಿಗೆ ಇಳಿಸಿದ್ದು 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿ. 2004ರಲ್ಲಿ ಉತ್ತರ ಕ್ಯಾರೊಲಿನ ರಾಜ್ಯದ ರಾಲಿ ನಗರದಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯವು ‘ವರ್ಚುಯಲ್ ಕಂಪ್ಯೂಟಿಂಗ್ ಲ್ಯಾಬ್’ ಆರಂಭಿಸಿತು. ವಿದ್ಯಾರ್ಥಿ ತನಗೆ ಬೇಕಾದ ತಂತ್ರಾಂಶವಿರುವ ಗಣಕವನ್ನು ಅಂತರ್ಜಾಲದಲ್ಲಿ ಕಾದಿರಿಸುತ್ತಾನೆ. ಆ ಗಣಕದ ಸಿದ್ಧ ಪಡಿಯಚ್ಚು ಕೇಂದ್ರದ ಯಂತ್ರವೊಂದರ ಮೇಲೆ ಇಳಿಯುತ್ತದೆ. ಅವನಿಗೊಂದು ವಿಳಾಸ, ಒಂದು ಪಾಸ್‌ವರ್ಡ್ ಸಿಗುತ್ತದೆ. ಮುಖ್ಯ ಪಾಸ್‌ವರ್ಡನ್ನೇ ಕೊಟ್ಟರೂ ಭಯವಿಲ್ಲ. ಅವಧಿ ಮುಗಿದೊಡನೆ ಎಲ್ಲವನ್ನೂ ಅಳಿಸಿ, ಹೊಸ ಪಡಿಯಚ್ಚು ಹಾಕಿದರಾಯಿತು. ಕೆಡಿಸಿ ಕಲಿಯುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಬಂದದ್ದು ಹೀಗೆ. ವಿದ್ಯಾರ್ಥಿಗಳು ಬಳಸದ ಹೊತ್ತಿನಲ್ಲಿ ಅವೇ ಯಂತ್ರಗಳನ್ನು ಸಂಶೋಧಕರ ದೊಡ್ಡ ಲೆಕ್ಕಗಳಿಗೆ ಹಚ್ಚಿದರು. ಮುಂದೆ ಆ ರಾಜ್ಯದ ಸಮುದಾಯ ಕಾಲೇಜುಗಳೂ ಅದನ್ನು ಬಳಸಿಕೊಂಡವು; 2008ರಲ್ಲಿ ಅದರ ತಂತ್ರಾಂಶವನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿದರು. ಅಮೆಜಾನ್ ಕಂಪನಿ ಗಣಕಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ತೊಡಗಿದ್ದು 2006ರಲ್ಲಿ, ಈ ವಿಶ್ವವಿದ್ಯಾಲಯದ ಪ್ರಯೋಗದ ಎರಡು ವರ್ಷದ ನಂತರ.

ಕರ್ನಾಟಕಕ್ಕೆ ಬರೋಣ. ದೂರಶಿಕ್ಷಣ ನಮಗೆ ಹೊಸತಲ್ಲ. 1975-76ರ ಉಪಗ್ರಹ ಟೆಲಿವಿಷನ್ ಪ್ರಯೋಗ ತಲುಪಿದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರುವ ಮುನ್ನವೇ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇನ್ಸಾಟ್-3ಬಿ ಮೂಲಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಬಿತ್ತರಿಸಿತು. ಒಳ್ಳೆಯ ಅಧ್ಯಾಪಕರ ಪಾಠ ಎಲ್ಲರ ಕಣ್ಣಿಗೂ ಕಿವಿಗೂ ತಲುಪಿತು. ಕೈಗೆ ಮಾತ್ರ ಕೆಲಸವಿರಲಿಲ್ಲ. ಟೆಲಿವಿಷನ್ ಕಾರ್ಯಕ್ರಮದ ಈ ಪುಟಗಳಲ್ಲಿಯೇ ಇದನ್ನು ಒಪ್ಪಿಕೊಳ್ಳುವುದು ನ್ಯಾಯ.

ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಶಿಕ್ಷಣ ಅಭಿಯಾನ 2009ರಲ್ಲಿ ಆರಂಭವಾಯಿತು. ಅದರಡಿಯಲ್ಲಿ ದೆಹಲಿ ಐಐಟಿಯ ಮುಂದಾಳುತನದಲ್ಲಿ ‘ವರ್ಚುಯಲ್ ಲ್ಯಾಬ್ಸ್’ ಯೋಜನೆ ರೂಪುಗೊಂಡಿತು. ಭಾಗವಹಿಸಿದ ಹನ್ನೆರಡು ಸಂಸ್ಥೆಗಳಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯೂ ಒಂದು. ನೂರಕ್ಕೂ ಹೆಚ್ಚು ಪ್ರಯೋಗಾಲಯಗಳು, ಏಳುನೂರಕ್ಕೂ ಹೆಚ್ಚು ಪ್ರಯೋಗಗಳು ಸಿದ್ಧವಾದವು. ಬಹುಪಾಲು ಪ್ರಯೋಗಗಳು ಗಣಕದೊಳಗೆ ಕಟ್ಟಿದ ಮಾದರಿಗಳು. ಕೆಲವು ಮಾತ್ರ ದೂರದಲ್ಲಿರುವ ನಿಜವಾದ ಉಪಕರಣವನ್ನು ಅಂತರ್ಜಾಲದ ಮೂಲಕ ನಡೆಸುವಂಥವು. ಕಲಿಯುವವರಿಗೆ ಶುಲ್ಕವಿಲ್ಲ. ಡಾರ್ಟ್‌ಮತ್ತಿನ ತೆರೆದ ಕಪಾಟು ಇಲ್ಲಿ ಮತ್ತೆ ಕಾಣುತ್ತದೆ.

ತಂತಿಯ ಪ್ರಶ್ನೆ ಆಗಲೂ ಬಿಟ್ಟಿರಲಿಲ್ಲ. ಎಂಐಟಿಯ ಹೆಸುಸ್ ಡೆಲ್ ಅಲಾಮೊ 1998ರಲ್ಲಿ ವಿದ್ಯಾರ್ಥಿಗಳು ಟ್ರಾನ್ಸಿಸ್ಟರನ್ನು ಹಾಸ್ಟೆಲಿನಿಂದಲೇ ಅಳೆದುನೋಡುವ ಏರ್ಪಾಡು ಮಾಡಿದ್ದರು. ಅದನ್ನು ಆಫ್ರಿಕದ ವಿಶ್ವವಿದ್ಯಾಲಯಗಳಿಗೆ ಒಯ್ದಾಗ ನೈಜೀರಿಯದ ಇಲೆ-ಇಫೆಯಂಥ ಕಡೆ ಅಂತರ್ಜಾಲದ ದಾರಿ ತೀರಾ ಕಿರಿದಾಗಿತ್ತು. ಅಲ್ಲಿನ ಒಬಾಫೆಮಿ ಅವೊಲೊವೊ ವಿಶ್ವವಿದ್ಯಾಲಯದವರು ಕೈಕಟ್ಟಿ ಕೂರಲಿಲ್ಲ. ಅದೇ ಮಾದರಿಯ ಪ್ರಯೋಗಗಳನ್ನು ತಮ್ಮ ಆವರಣದಲ್ಲಿಯೇ ಕಟ್ಟಿಕೊಂಡರು. ಪ್ರಯೋಗಾಲಯ ದೂರದಲ್ಲಿರಲೇಬೇಕೆಂಬ ಹಟ ಏಕೆ? ತಂತ್ರಾಂಶ, ಜಾಲಗಳ ಕಲಿಕೆಗೆ ದೂರದ ಗಣಕ ಸಾಕು, ಏಕೆಂದರೆ ಅಲ್ಲಿ ಕಲಿಯುವ ವಸ್ತುವೂ ಗಣಕವೇ. ಬೆಸುಗೆ ಹಾಕುವುದು, ಸಡಿಲವಾದ ತಂತಿಯನ್ನು ಬೆರಳಲ್ಲಿ ಹುಡುಕುವುದು, ಕಾದ ರೆಸಿಸ್ಟರಿನ ವಾಸನೆ ಹಿಡಿಯುವುದು ಪರದೆಯ ಮೇಲೆ ಬರುವುದಿಲ್ಲ. ಮಾದರಿಯೊಳಗಿನ ಲೋಲಕ ಎಂದೂ ತಪ್ಪಾಗಿ ತೂಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಕಾಲೇಜುಗಳು ಬಾಗಿಲು ಹಾಕಿದಾಗ ಇಂಥ ಪ್ರಯೋಗಾಲಯಗಳ ಬೆಲೆ ಏಕಾಏಕಿ ಏರಿತು. ವಿಚಿತ್ರವೆಂದರೆ ಅದೇ ವರ್ಷದ ಡಿಸೆಂಬರ್ 31ಕ್ಕೆ ಫ್ಲ್ಯಾಷ್ ಎಂಬ ತಂತ್ರಾಂಶಕ್ಕೆ ಅದರ ತಯಾರಕರು ಬೆಂಬಲ ನಿಲ್ಲಿಸಿದರು. ವರ್ಚುಯಲ್ ಲ್ಯಾಬ್ಸ್‌ನ ಹಲವು ಹಳೆಯ ಪ್ರಯೋಗಗಳು ನಿಂತಿದ್ದದ್ದು ಅದರ ಮೇಲೆ, ಇಲ್ಲವೇ ಅದರಂತೆ ಬಳಕೆ ತಪ್ಪುತ್ತಿದ್ದ ಜಾವಾ ಆಪ್ಲೆಟ್‌ಗಳ ಮೇಲೆ. ಅವನ್ನೆಲ್ಲ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಆ ಕೆಲಸ ಕೆಲವು ವರ್ಷ ಮುಂಚಿನಿಂದಲೇ ನಡೆದಿತ್ತು. ಹೈದರಾಬಾದಿನ ಐಐಐಟಿಯಲ್ಲಿ ಬೇಸಿಗೆ ರಜೆಯ ಇಂಟರ್ನ್‌ಷಿಪ್‌ಗೆ ಬಂದು ಅದನ್ನು ಮಾಡಿದವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು.