ಹಾಲಾಡಿಯಿಂದ ಘಟ್ಟದ ಮೇಲಣ ಬೈಸಿಕಲ್ ಸುತ್ತು: ಮಾರ್ಗ, ಅನುಮತಿ ಮತ್ತು ಮುನ್ನೆಚ್ಚರಿಕೆ ಕುರಿತು ಸಾರ್ವಜನಿಕ ಮಾಹಿತಿ

ಉಡುಪಿ ಜಿಲ್ಲೆಯ ಹಾಲಾಡಿಯಿಂದ ಹೊರಟು, ಬಾಳೆಬರೆ ಘಾಟಿಯನ್ನು ಏರಿ, ಆಗುಂಬೆ ಘಾಟಿಯಿಂದ ಇಳಿದು ಮರಳಿ ಹಾಲಾಡಿ ಸೇರುವ ಬೈಸಿಕಲ್ ಪ್ರವಾಸವನ್ನು ಕೈಗೊಳ್ಳಬಯಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಯಾವ ರಸ್ತೆಗೆ ಅನುಮತಿ ಬೇಕಿಲ್ಲ, ಯಾವುದಕ್ಕೆ ಬೇಕು ಎಂಬ ವಿಷಯದಲ್ಲಿ ಅರ್ಜಿದಾರರಿಗೆ ಸಂದೇಹವಿರುವುದು ಸಹಜವಾದ್ದರಿಂದ, ಆ ಅಂಶವನ್ನು ಇಲ್ಲಿ ತುಸು ವಿಸ್ತಾರವಾಗಿ ವಿವರಿಸಿದೆ.

ಮಾರ್ಗದ ವಿವರ

ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ ಮೂಲಕ ಬಾಳೆಬರೆ ಘಾಟಿಯನ್ನು ಏರಿ ಹುಲಿಕಲ್ ತಲುಪುವುದು ಮೊದಲ ಹಂತ. ಅಲ್ಲಿಂದ ಮಾಸ್ತಿಕಟ್ಟೆ, ಯಡೂರು ಮಾರ್ಗವಾಗಿ ತೀರ್ಥಹಳ್ಳಿ ಸೇರಿ ತಂಗುವುದು ಸೂಕ್ತ. ಮರುದಿನ ಮೇಗರವಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ, ಬೆಳ್ವೆ ಮೂಲಕ ಹಾಲಾಡಿಗೆ ಮರಳಬಹುದು. ಒಟ್ಟು ದೂರ ಸುಮಾರು 150ರಿಂದ 160 ಕಿ.ಮೀ. ಇದನ್ನು ಒಂದೇ ದಿನದಲ್ಲಿ ಮುಗಿಸುವುದು ಅನುಭವಿಗಳಿಗೆ ಅಸಾಧ್ಯವಲ್ಲ; ಆದರೆ ಆಗುಂಬೆಯ ಇಳಿಜಾರನ್ನು ಕತ್ತಲಾಗುವ ಹೊತ್ತಿನಲ್ಲಿ, ದಣಿದ ಕೈಗಳಿಂದ ಬ್ರೇಕು ಹಿಡಿದು ಇಳಿಯಬೇಕಾಗುವುದರಿಂದ ಎರಡು ದಿನಗಳ ಯೋಜನೆಯೇ ಮೇಲು.

ಇದು ಹಿಮಾಲಯದ ಎತ್ತರವಲ್ಲ. ಆಮ್ಲಜನಕದ ಕೊರತೆಯ ಪ್ರಶ್ನೆ ಇಲ್ಲಿ ಉದ್ಭವಿಸುವುದಿಲ್ಲ. ಆದರೆ ಕರಾವಳಿಯ ತಗ್ಗಿನಿಂದ ಹೊರಟು, ಒಂದೇ ಘಾಟಿಯಲ್ಲಿ ಸುಮಾರು 500 ಮೀಟರ್ ಏರಬೇಕಾಗುತ್ತದೆ. ಹೊಸಂಗಡಿಯಲ್ಲಿರುವ ವಾರಾಹಿ ಭೂಗರ್ಭ ವಿದ್ಯುದಾಗಾರವು ತಲಾ 115 ಮೆಗಾವ್ಯಾಟಿನ ನಾಲ್ಕು ಘಟಕಗಳಿಂದ 460 ಮೆಗಾವ್ಯಾಟ್ ಸಾಮರ್ಥ್ಯ ಪಡೆದಿರುವುದು ಇದೇ ಎತ್ತರದ ಅಂತರದಿಂದ; ಘಟ್ಟದ ಮೇಲಿನ ಮಾಣಿ ಜಲಾಶಯದ ಪೂರ್ಣಮಟ್ಟ 594.36 ಮೀಟರ್. ಸವಾರರು ಏರಬೇಕಾದುದೆಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಬೇಡ. ಕರಾವಳಿಯ ಸೆಕೆ ಹಾಗೂ ಗಾಳಿಯ ತೇವಾಂಶದ ಕಾರಣ ಬೆಳಿಗ್ಗೆ 9 ಗಂಟೆಯೊಳಗೆ ಹುಲಿಕಲ್ ತಲುಪುವಂತೆ ಹೊರಡುವುದು ಉಚಿತ. ಘಾಟಿಯ ಏರಿನಲ್ಲಿ ಅಂಗಡಿಗಳನ್ನು ನಂಬುವಂತಿಲ್ಲ. ನೀರನ್ನು ಹೊಸಂಗಡಿಯಲ್ಲೇ ತುಂಬಿಕೊಳ್ಳತಕ್ಕದ್ದು.

ಅನುಮತಿ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27ನೇ ಪ್ರಕರಣದಂತೆ ಅಭಯಾರಣ್ಯವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು ನಿಷಿದ್ಧ. ಆದರೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಇದೇ ಪ್ರಕರಣದಲ್ಲಿ ವಿನಾಯಿತಿ ಇದೆ. ಆದ್ದರಿಂದ ಬಾಳೆಬರೆ ಘಾಟಿಯ ರಾಜ್ಯ ಹೆದ್ದಾರಿ 52ರಲ್ಲಾಗಲಿ, ಸೋಮೇಶ್ವರ ವನ್ಯಜೀವಿಧಾಮದ ನಡುವೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಾಗಲಿ ಬೈಸಿಕಲ್ ಸವಾರರು ಪ್ರತ್ಯೇಕ ಅನುಮತಿ ಪಡೆಯಬೇಕಿಲ್ಲ. ಅದೇ ಸವಾರರು ಹೆದ್ದಾರಿ ಬಿಟ್ಟು ಕಾಡಿನೊಳಗಿನ ಜೀಪು ಹಾದಿಗೆ ತಿರುಗಿದ ಕ್ಷಣದಿಂದ ವಿನಾಯಿತಿ ಇರುವುದಿಲ್ಲ. 2022ರ ತಿದ್ದುಪಡಿಯ ನಂತರ ಇಂತಹ ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಜಲ್ಲಿ ಹಾಗೂ ಮಣ್ಣಿನ ಹಾದಿಯನ್ನೇ ಅರಸಿ ಬರುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಮೊಬೈಲ್ ನಕ್ಷೆಯಲ್ಲಿ ತೆಳುಗೆರೆಯಾಗಿ ಕಾಣುವ ದಾರಿ ಗ್ರಾಮ ಪಂಚಾಯಿತಿಯ ರಸ್ತೆಯಿರಬಹುದು, ಒಬ್ಬರ ಅಡಿಕೆ ತೋಟದ ಅಂಗಳವಿರಬಹುದು, ವಿದ್ಯುತ್ ನಿಗಮದ ಕಾವಲಿರುವ ಜಲಾಶಯದ ರಸ್ತೆಯಿರಬಹುದು, ಅರಣ್ಯ ಇಲಾಖೆಯ ಗಸ್ತಿನ ದಾರಿಯೂ ಇರಬಹುದು. ನಕ್ಷೆ ಇವುಗಳ ನಡುವಣ ವ್ಯತ್ಯಾಸವನ್ನು ಹೇಳುವುದಿಲ್ಲ. ಪಂಚಾಯಿತಿ ರಸ್ತೆಗಳಲ್ಲಿ ಅಡ್ಡಿಯಿಲ್ಲ. ಉಳಿದವುಗಳಿಗೆ ಸಂಬಂಧಪಟ್ಟವರ ಒಪ್ಪಿಗೆ ಅಗತ್ಯ.

1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಸೇರಿಸಿಕೊಂಡು ಸುತ್ತನ್ನು ಹಿಗ್ಗಿಸುವ ಆಸೆ ಅನೇಕರಿಗಿದೆ. ಕಟ್ಟಿನಹೊಳೆಯಿಂದ ಮೇಲಕ್ಕೆ ಜೀಪುಗಳು ಓಡಾಡುವ ಕಚ್ಚಾ ಹಾದಿ ಕೊರಕಲು, ಸಡಿಲಗಲ್ಲು ಹಾಗೂ ಕೆಸರಿನಿಂದ ಕೂಡಿದ್ದು, ಬೈಸಿಕಲ್ಲನ್ನು ಹಲವೆಡೆ ಹೊತ್ತೇ ನಡೆಯಬೇಕಾದೀತು. ಈ ಬೆಟ್ಟ ಮೂಕಾಂಬಿಕಾ ವನ್ಯಜೀವಿಧಾಮದ ವ್ಯಾಪ್ತಿಯದು. ಅರಣ್ಯ ವಿಹಾರ ಜಾಲತಾಣದಲ್ಲಿ ಪಡೆದ ಚಾರಣದ ಚೀಟಿಯನ್ನು ಬೈಸಿಕಲ್ ಸವಾರಿಯ ಅನುಮತಿ ಎಂದು ಭಾವಿಸತಕ್ಕದ್ದಲ್ಲ.

ವನ್ಯಜೀವಿಧಾಮಗಳೊಳಗಿನ ಹಾದಿಗಳಿಗಾಗಿ ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸುವುದು. ಅರ್ಜಿಯಲ್ಲಿ ಪ್ರತಿಯೊಬ್ಬ ಸವಾರನ ಹೆಸರು, ವಯಸ್ಸು, ಗುರುತಿನ ಚೀಟಿಯ ಪ್ರತಿ, ದಿನಾಂಕ, ಪ್ರವೇಶಿಸುವ ಹಾಗೂ ಹೊರಬರುವ ಸ್ಥಳ ಮತ್ತು ವೇಳೆ, ಗುರುತು ಹಾಕಿದ ನಕ್ಷೆ ಇರಲಿ. ನಕ್ಷೆಯಿಲ್ಲದ ಅರ್ಜಿಯ ಮೇಲೆ ಯಾವ ಅಧಿಕಾರಿಯೂ ಅಭಿಪ್ರಾಯ ನೀಡಲಾರರು. ಹೊರಡುವ ಎರಡು ದಿನ ಮೊದಲು ಅರ್ಜಿ ಕೊಟ್ಟು ಒತ್ತಾಯಿಸುವುದು ಯಾರಿಗೂ ಹಿತವಲ್ಲ. ಕನಿಷ್ಠ ಒಂದು ತಿಂಗಳ ಅಂತರವಿರುವುದು ಒಳಿತು. ಅನುಮತಿ ನಿರಾಕರಿಸಲ್ಪಟ್ಟಲ್ಲಿ ಹೆದ್ದಾರಿಯ ಸುತ್ತು ಹೇಗೂ ಮುಕ್ತವಾಗಿದೆ. ಕಾಲ್ತುಳಿತದ ಬೈಸಿಕಲ್ಲಿಗೆ ಸಾರಿಗೆ ಇಲಾಖೆಯ ನೋಂದಣಿಯಾಗಲಿ, ಚಾಲನಾ ಪರವಾನಗಿಯಾಗಲಿ ಬೇಕಿಲ್ಲ.

ಸೂಕ್ತ ಕಾಲ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಗಿಲಾಗಿ ಮಳೆ ಬೀಳುತ್ತದೆ. ಹುಲಿಕಲ್ ಸಹ ರಾಜ್ಯದ ಅತಿ ಹೆಚ್ಚು ಮಳೆಯ ತಾಣಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಘಾಟಿಗಳಲ್ಲಿ ಗುಡ್ಡ ಕುಸಿಯುವ ಹಾಗೂ ಮರ ಉರುಳುವ ಸಂಭವವಿರುವುದರಿಂದ ಪ್ರವಾಸ ಕೂಡದು. ಘಾಟಿಯ ಬುಡ ಉಡುಪಿ ಜಿಲ್ಲೆಗೂ ತಲೆ ಶಿವಮೊಗ್ಗ ಜಿಲ್ಲೆಗೂ ಸೇರಿದ್ದರಿಂದ ಸಂಚಾರ ನಿರ್ಬಂಧದ ಆದೇಶಗಳನ್ನು ಎರಡೂ ಜಿಲ್ಲಾಡಳಿತಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಮಳೆ ನಿಂತ ಮಾತ್ರಕ್ಕೆ ಕಾಡು ನಿರಪಾಯವಾಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಕಾಣಿಸಿಕೊಳ್ಳುತ್ತದೆ. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳೂ ಇದರ ಬಾಧೆಯನ್ನು ಕಂಡಿವೆ. ಇದು ಉಣುಗು ಕಚ್ಚುವುದರಿಂದ ಹರಡುತ್ತದೆ. ಹಿಂದೆ ನೀಡಲಾಗುತ್ತಿದ್ದ ಲಸಿಕೆಯ ಬಳಕೆ ಈಗ ನಿಂತಿದೆ. ತರಗೆಲೆಯ ಮೇಲೆ ಕುಳಿತು ವಿಶ್ರಮಿಸುವುದು, ಬೈಸಿಕಲ್ಲನ್ನು ಪೊದೆಗೆ ಒರಗಿಸುವುದು ಬೇಡ. ಮೈಮುಚ್ಚುವ ಉಡುಪು ಧರಿಸಿ, ಉಣುಗು ನಿವಾರಕ ತೈಲ ಲೇಪಿಸಿಕೊಳ್ಳಬೇಕು. ಸತ್ತ ಮಂಗ ಕಂಡಲ್ಲಿ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಮಳೆ ಹಿಂದೆಗೆದು ಕಾಯಿಲೆ ಇನ್ನೂ ಆರಂಭವಾಗದ ನವೆಂಬರ್ ತಿಂಗಳೇ ಈ ಸುತ್ತಿಗೆ ಅತ್ಯಂತ ಸೂಕ್ತವೆಂಬುದು ನಮ್ಮ ಅಭಿಪ್ರಾಯ.

ಇಳಿಜಾರು ಮತ್ತು ತುರ್ತು ನೆರವು

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಬ್ರೇಕನ್ನು ಸತತವಾಗಿ ಒತ್ತಿಹಿಡಿದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬಿಟ್ಟು ಬಿಟ್ಟು ಹಿಡಿಯಬೇಕು. ತೀರ್ಥಹಳ್ಳಿಯಿಂದ ಹೊರಡುವ ಮುನ್ನ ಬ್ರೇಕಿನ ಪ್ಯಾಡುಗಳನ್ನು ಪರೀಕ್ಷಿಸಿಕೊಳ್ಳುವುದು. ಏರಿ ಬರುವ ವಾಹನಕ್ಕೆ ದಾರಿ ಬಿಡತಕ್ಕದ್ದು. ಬಸ್ಸುಗಳಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ. ಟಾರು ಮತ್ತು ಜಲ್ಲಿ ಎರಡಕ್ಕೂ 38ರಿಂದ 45 ಮಿ.ಮೀ. ಅಗಲದ ಟೈರು ಹೊಂದುತ್ತದೆ. ಮುಸ್ಸಂಜೆಯಲ್ಲಿ ಕಾಡುಕೋಣಗಳು ರಸ್ತೆಗೆ ಬರುವುದುಂಟು. ಗಂಟೆ ಬಾರಿಸಿ ಓಡಿಸಲು ಯತ್ನಿಸದೆ ದೂರದಲ್ಲೇ ನಿಲ್ಲುವುದು.

ಘಾಟಿಗಳಲ್ಲಿ ಮೊಬೈಲ್ ಸಂಪರ್ಕ ಹಲವೆಡೆ ಸಿಗುವುದಿಲ್ಲ. ಹೊಸಂಗಡಿ ಹಾಗೂ ಆಗುಂಬೆಯಿಂದ ಹೊರಡುವ ವೇಳೆಯನ್ನೂ ಮುಂದಿನ ಊರು ತಲುಪುವ ವೇಳೆಯನ್ನೂ ಮನೆಯವರಿಗೆ ತಿಳಿಸಿಯೇ ಮುಂದುವರಿಯುವುದು. ತುರ್ತು ಸಂದರ್ಭದಲ್ಲಿ 112, ಆಂಬ್ಯುಲೆನ್ಸಿಗೆ 108, ಅರಣ್ಯ ಇಲಾಖೆಯ ಸಹಾಯವಾಣಿಗೆ 1926. ಪ್ರವಾಸ ಮುಗಿದ ಎರಡು ವಾರಗಳೊಳಗೆ ಜ್ವರ ಕಾಣಿಸಿಕೊಂಡಲ್ಲಿ, ಕಾಡಿನ ಪ್ರದೇಶದಲ್ಲಿ ಸಂಚರಿಸಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.